ಹಟ್ಟಿ ಸುತ್ತಿದ ಅಕ್ಕಿ

ಕೊಡಿಗೇನಹಳ್ಳಿ
೩ ಅಕ್ಟೋಬರ್ ೧೯೮೨

ಪ್ರೀತಿಯ ಗಿಡ್ಡಕ್ಕನಿಗೆ,

ನಿನ್ನ ತಂಗಿ ಭೀಮಕ್ಕ ಕ್ಷಮೆ ಕೇಳುವುದು ಮೊದಲು, ನಮಸ್ಕಾರ ಮಾಡುವುದು ಆಮೇಲೆ. ಗೌರಿ ಹಬ್ಬಕ್ಕೆ ಮುಂಚೆ ನೀನು ಭಾವನ ಕೈಯಲ್ಲಿ ಬರೆಸಿದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ವಳ್ಳೂರಿನ ಹೊಲದಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತ ನೀನು ನನಗೆ ಎಷ್ಟು ಸಹಸ್ರನಾಮ ಮಾಡಿರಬೇಕು ಎಂಬುದು ಇಲ್ಲಿಗೇ ಕೇಳಿಸಿದೆ. ಭಾವ ಇದನ್ನು ಓದಿ ಹೇಳುವಾಗ ‘ಗಿಡ್ಡಕ್ಕ’ ಎಂಬಲ್ಲಿ ನಕ್ಕರೆ ನಗಲಿ ಬಿಡು. ಹಿರಿಯವಳಾಗಿಯೂ ನನ್ನ ಭುಜದವರೆಗೆ ಬೆಳೆಯದವಳನ್ನು ಇನ್ನೇನೆಂದು ಕರೆಯಲಿ? ನಿನ್ನ ಮದುವೆಯ ದಿನ ಹಸೆಮಣೆಯ ಮೇಲೆ ನಿಂತಿದ್ದರೂ ಹೆಣ್ಣೆಲ್ಲಿ ಹೆಣ್ಣೆಲ್ಲಿ ಎಂದು ಜನ ಹುಡುಕಿದ್ದನ್ನು ನಾನು ಸಾಯುವತನಕ ಮರೆಯುವುದಿಲ್ಲ.

ನಾವಿಬ್ಬರೂ ಚೆನ್ನಾಗಿದ್ದೇವೆ. ನಮ್ಮವರು ಈಗಲೂ ಹಿಂದೂಪುರದ ಬಸ್ಸಿಗೇ ಕಂಡಕ್ಟರು. ಮನೆಗೆ ಬಂದ ಮೇಲೂ ‘ಒಳಗೆ ಹೋಗಿ, ಒಳಗೆ ಹೋಗಿ’ ಎನ್ನುತ್ತಾರೆ, ಇರುವುದು ಒಂದೇ ಕೋಣೆ. ನಿನ್ನ ಮಗ ನನ್ನನ್ನು ಇನ್ನೂ ‘ಪಿನ್ನಮ್ಮ’ ಎಂದೇ ಕರೆಯುತ್ತಾನಾ? ಆ ಕಡೆ ತೆಲುಗು ಜಾಸ್ತಿ, ಕಲಿಯಲಿ. ಆದರೆ ಚಿಕ್ಕಮ್ಮ ಎನ್ನುವುದನ್ನೂ ಕಲಿಸು.

ಕಾಗದ ತಡವಾಗಲು ಕಾರಣ ನನ್ನ ಕೆಲಸ. ಗ್ರಾಮಸೇವಿಕೆಯಾದ ಮೇಲೆ ಸೌದೆ ಉಳಿಸುವ ಒಲೆ ಕಟ್ಟಿಸಿದ್ದೇನೆ, ಕೈತೋಟಕ್ಕೆ ನುಗ್ಗೆ ಗಿಡ ಹಂಚಿದ್ದೇನೆ. ಆದರೆ ಪರರ ಮನೆಯ ಹಿಟ್ಟನ್ನು ತಕ್ಕಡಿಗೆ ಹಾಕಿರಲಿಲ್ಲ. ಈಗ ಅದೇ ಕೆಲಸ. ಬೆಂಗಳೂರಿನಿಂದ ಚನ್ನಮಲ್ಲಯ್ಯ ಎಂಬ ಅಧಿಕಾರಿ ಬಂದಿದ್ದಾರೆ. ಹಳ್ಳಿಯ ಜನ ಏನು ಉಣ್ಣುತ್ತಾರೆ, ಎಷ್ಟು ಉಣ್ಣುತ್ತಾರೆ ಎಂದು ಮನೆಮನೆಗೆ ಹೋಗಿ ತೂಗಬೇಕು. ಒಲೆಗೆ ಹಾಕುವ ಮುಂಚೆ ಅಕ್ಕಿ, ಹಿಟ್ಟು, ಬೇಳೆ ತೂಗುವುದು, ಊಟಕ್ಕೆ ಎಷ್ಟು ಮಂದಿ ಎಂದು ಕೇಳಿ ಬರೆದುಕೊಳ್ಳುವುದು, ಮುಂದಿನ ಮನೆಗೆ ಹೋಗುವುದು. ಹೆಂಗಸರ ಅಡುಗೆಮನೆಗೆ ಗಂಡಸು ನುಗ್ಗುವಂತಿಲ್ಲವಲ್ಲ, ಅದಕ್ಕೆ ನಾನು.

‘ದೇಶ ಈಗ ಬೇಕಾದಷ್ಟು ಬೆಳೀತಿದೆ ಅಂತ ಕಾಗದದಲ್ಲಿದೆ. ಬೆಳೆದದ್ದು ಮಡಕೆಗೆ ಬಂತೋ ಇಲ್ವೋ, ಅದನ್ನ ಮಡಕೆಯನ್ನೇ ಕೇಳ್ಬೇಕು’ ಎಂದರು ಚನ್ನಮಲ್ಲಯ್ಯನವರು. ತೆಳ್ಳಗಿನ ಮನುಷ್ಯ, ಮಾತು ಕಡಿಮೆ, ಆದರೆ ಆಡಿದ ಮಾತು ಗಟ್ಟಿ. ನನಗೆ ಹಿಡಿಸಿದರು.

ನಮಗೆ ಸಿಕ್ಕಿದ್ದು ಇಲ್ಲಿಗೆ ಹತ್ತಿರದ ಹೊಂಗೆಹಟ್ಟಿ. ಕುರಿ ದನ ಸಾಕುವ ನಮ್ಮ ಜನರದೇ ಹಟ್ಟಿ, ನಮ್ಮ ಹುಟ್ಟೂರಿನ ಹಾಗೆಯೇ ಸುತ್ತ ಮುಳ್ಳುಬೇಲಿ, ಚಪ್ಪಲಿ ಹೊರಗೇ ಬಿಡಬೇಕು. ಪಾಪ ಚನ್ನಮಲ್ಲಯ್ಯನವರು ಬೂಟು ಬಿಚ್ಚಿಟ್ಟು ಕುಂಟಿಕೊಂಡು ಬರುತ್ತಾರೆ. ಈ ಹಟ್ಟಿಯಲ್ಲಿ ನಾನು ನೋಡಿಕೊಳ್ಳುವ ಬಾಲವಾಡಿ ಇದೆ. ಮಕ್ಕಳಿಗೆ ಮಧ್ಯಾಹ್ನ ಗೋಧಿ ನುಚ್ಚಿನ ಉಪ್ಪಿಟ್ಟು ಕೊಡುತ್ತೇವೆ. ಈ ಸಲದ ತೂಕದಲ್ಲಿ ಯಾವ ಊರು ಚೆನ್ನಾಗಿ ಉಣ್ಣುತ್ತಿದೆ ಎಂದು ಬರುತ್ತದೋ ಆ ಊರಿನ ಉಪ್ಪಿಟ್ಟನ್ನು ತೆಗೆದು ಬೇರೆ ಊರಿಗೆ ಕೊಡುವುದು ಎಂದು ಮೇಲಿನವರು ತೀರ್ಮಾನ ಮಾಡಿದ್ದಾರೆ. ನ್ಯಾಯವೇ. ಹೊಂಗೆಹಟ್ಟಿಗೆ ಮಾತ್ರ ಅದರಿಂದ ತೊಂದರೆಯಿಲ್ಲ ಎಂದುಕೊಂಡಿದ್ದೆ. ಈ ತಿಂಗಳಲ್ಲಿ ಹಳೆ ರಾಗಿ ತಳ ಹತ್ತಿರುತ್ತದೆ, ಹೊಸದು ಇನ್ನೂ ಹೊಲದಲ್ಲಿರುತ್ತದೆ. ಹಟ್ಟಿಯ ಹಾಲೆಲ್ಲ ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಹೋಗುತ್ತದೆ.

ಆದರೆ ಏನಾಯಿತು ಕೇಳು. ಮೊದಲ ಮನೆಯಲ್ಲಿ ಮೊರದ ತುಂಬ ಬಿಳಿ ಅಕ್ಕಿ! ಜೊತೆಗೆ ತೊಗರಿಬೇಳೆ, ಒಂದು ಗಿಂಡಿ ತುಪ್ಪ. ಎರಡನೆಯ ಮನೆಯಲ್ಲೂ ಅದೇ, ಅದರ ಪಕ್ಕದ್ದರಲ್ಲೂ ಅದೇ. ಅಕ್ಕಿಯನ್ನು ತಕ್ಕಡಿಗೆ ಸುರಿದಾಗಲೆಲ್ಲ ಚನ್ನಮಲ್ಲಯ್ಯನವರಿಗೆ ಸೀನು. ಪ್ರತಿ ಮನೆಯಲ್ಲೂ ಸೀನು. ‘ಈ ಹಟ್ಟಿ ಗಾಳಿ ನನಗೆ ಆಗಿಬರೋಲ್ಲ ಅಂತ ಕಾಣುತ್ತೆ’ ಎಂದು ಮೂಗು ಒರೆಸಿಕೊಂಡರು. ಸಂಜೆ ಹೊರಡುವಾಗ, ‘ಭೀಮಕ್ಕ, ಈ ಜನ ನಮಗಿಂತ ಚೆನ್ನಾಗಿ ಉಣ್ತಾರೆ. ಉಪ್ಪಿಟ್ಟು ಬೇರೆಯವರಿಗೆ ಹೋದರೆ ಇವರಿಗೇನೂ ನಷ್ಟವಿಲ್ಲ’ ಎಂದರು.

ನನಗೆ ನಂಬಿಕೆ ಬರಲಿಲ್ಲ. ಅನ್ನ ಎಂದರೆ ಹಟ್ಟಿಯವರಿಗೆ ಹಬ್ಬದೂಟ ಎಂದು ನಮಗಿಬ್ಬರಿಗೂ ಗೊತ್ತಿಲ್ಲವೇ? ಆ ದೊಡ್ಡ ಬರದ ವರ್ಷ ಅಪ್ಪ ಅವ್ವ ಕುರಿ ಹೊಡೆದುಕೊಂಡು ಹುಲ್ಲಿರುವ ಸೀಮೆ ಹುಡುಕಿಹೋಗಿ, ನಾವಿಬ್ಬರೂ ಅಜ್ಜಿಯ ಜೊತೆ ಉಳಿದಿದ್ದು ನೆನಪಾಯಿತು. ರೇಷನ್ ಡಿಪೋದ ಕೆಂಪು ಜೋಳದ ಮುದ್ದೆ, ಅಣ್ಣೆಸೊಪ್ಪು. ನೀನು ಒಲೆ ಮುಂದೆಯೇ ಉಂಡು ಮುಗಿಸಿಬಿಟ್ಟು ನಮಗೆ ಬಡಿಸಲು ಬರುತ್ತಿದ್ದೆ. ‘ಅಕ್ಕ ನಮ್ಗಿಂತ ಮುಂಚೆ ಉಂಡ್ಬುಡ್ತಾಳೆ’ ಎಂದು ನಾನು ಅಜ್ಜಿಗೆ ಚಾಡಿ ಹೇಳುತ್ತಿದ್ದೆ. ಕಣ್ಣು ಮಂಜಾದ ಅಜ್ಜಿ ಸುಮ್ಮನೆ ‘ಉಣ್ಲಿ ಬುಡು’ ಎನ್ನುತ್ತಿದ್ದಳು. ಬಿಡು, ಅದೆಲ್ಲ ಕಳೆದುಹೋದ ಕಾಲ.

ಮಾರನೆಯ ದಿನ ಮಧ್ಯಾಹ್ನ ಮರೆತು ಬಂದ ಕೊಡೆಗಾಗಿ ಒಬ್ಬಳೇ ವಾಪಸು ಹೋದೆ. ಕ್ಯಾತಮ್ಮ ಎಂಬುವಳ ಮನೆ. ನಿನ್ನ ವಯಸ್ಸಿನವಳು, ಬಾಯಿ ಜೋರು, ಇಡೀ ಹಟ್ಟಿಯ ಹೆಂಗಸರು ಅವಳ ಮಾತು ಕೇಳುತ್ತಾರೆ. ಬೆಳಿಗ್ಗೆ ಅವಳ ಮನೆಯಲ್ಲಿ ಅಕ್ಕಿ ತೂಗಿದ್ದೆವು. ಈಗ ಮಕ್ಕಳ ಮುಂದೆ ರಾಗಿ ಮುದ್ದೆ, ನೀರಾದ ಸೊಪ್ಪಿನ ಸಾರು. ಕ್ಯಾತಮ್ಮ ಹಿತ್ತಿಲಿನಲ್ಲಿದ್ದಳು. ಅಕ್ಕಿಯ ಮೊರವನ್ನು ಗೋಡೆಯ ಮೇಲಿಂದ ಪಕ್ಕದ ಮನೆಯವಳಿಗೆ ದಾಟಿಸುತ್ತಿದ್ದಳು! ನನ್ನನ್ನು ಕಂಡು ಅವಳು ನಿಂತಲ್ಲೇ ಕಲ್ಲಾದಳು. ಗಾಳಿ ನನ್ನ ಕಡೆ ಬೀಸಿತು, ನನಗೂ ಸೀನು ಬಂತು. ಮೆಣಸಿನಪುಡಿಯ ಡಬ್ಬದಲ್ಲಿಟ್ಟಿದ್ದ ಅಕ್ಕಿ ಅದು. ಒಂದೇ ಅಕ್ಕಿ, ಒಂದೇ ಬೇಳೆ, ಒಂದೇ ಗಿಂಡಿ ತುಪ್ಪ, ನಮಗಿಂತ ಮುಂಚೆ ಹಿತ್ತಿಲ ದಾರಿಯಲ್ಲಿ ಮನೆಮನೆಗೆ ಹೋಗಿ ಕಾಯುತ್ತಿತ್ತು.

ಮುಂದಿನದನ್ನು ಬರೆಯಲು ಹಾಳೆ ಇಲ್ಲ, ಟಪಾಲಿಗೆ ಹೊತ್ತಾಯಿತು. ಮಕ್ಕಳಿಗೆ ಮುತ್ತು.

ನಿನ್ನ ತಂಗಿ
ಭೀಮಕ್ಕ


ಕೊಡಿಗೇನಹಳ್ಳಿ
೧೫ ಅಕ್ಟೋಬರ್ ೧೯೮೨

ನನ್ನ ಗಿಡ್ಡಕ್ಕಾ,

ಕಥೆಯನ್ನು ಅರ್ಧಕ್ಕೆ ಬಿಟ್ಟೆನೆಂದು ನೀನು ಬೈದು ಬರೆಸಿದ ಕಾರ್ಡು ತಲುಪಿತು. ಇಷ್ಟು ಬೇಗ ನೀನು ಉತ್ತರ ಬರೆಸಿದ್ದು ಇದೇ ಮೊದಲು. ಇನ್ನು ಮೇಲೆ ಎಲ್ಲ ಕಾಗದವನ್ನೂ ಅರ್ಧಕ್ಕೇ ನಿಲ್ಲಿಸುತ್ತೇನೆ.

ಕ್ಯಾತಮ್ಮನನ್ನು ಅಲ್ಲೇ ಹಿಡಿದು ಕೂರಿಸಿಕೊಂಡೆ. ಅವಳು ನಾಚಿಕೊಳ್ಳಲಿಲ್ಲ, ನನ್ನ ಮೇಲೆಯೇ ಏರಿಬಂದಳು. ‘ಮನೆಗೆ ಬಂದೋರ್ಗೆ ಮಡ್ಕೆ ತೋರ್ಸು ಅಂದ್ರೆ ಹೆಂಗೆ ಕಣಮ್ಮ? ನೆಂಟ್ರು ಕಣ್ಣಿಗೆ ಸೊಪ್ಪಿನ್ ನೀರು ತೋರ್ಸಾಕಾಯ್ತದಾ? ನಿಮ್ಮವ್ವ ತೋರ್ಸಾಳಾ?’ ಎಂದಳು. ಅಕ್ಕಿ ಯಾರದು ಎಂದೆ. ಹಟ್ಟಿಯ ಯಜಮಾನ ಮುದ್ದಪ್ಪನ ಮನೆಯದಂತೆ. ಮಗಳ ಬಾಣಂತನಕ್ಕೆಂದು ತಂದಿಟ್ಟಿದ್ದು.

ನಮ್ಮವ್ವ ತೋರಿಸುತ್ತಿರಲಿಲ್ಲ. ಗುರುತಿನವರು ದಾರಿಯಲ್ಲಿ ಬಂದರೆ ಅವ್ವ ಹಿಂದಿನ ಬಾಗಿಲಿಂದ ಓಡಿಹೋಗಿ ಹಿಡಿ ಅಕ್ಕಿ ಕೇಳಿ ತರುತ್ತಿದ್ದಳಲ್ಲ. ನಾನು ಹುಟ್ಟಿದ್ದು ಇಂಥದೇ ಹಟ್ಟಿಯಲ್ಲಾದರೂ ಕೈಗೆ ವಾಚು ಕಟ್ಟಿ ತಕ್ಕಡಿ ಹೊತ್ತು ಹೋದ ದಿನವೇ ನೆಂಟಳಾಗಿಬಿಟ್ಟಿದ್ದೆ. ಆದರೂ ಕೋಪ ಬಂತು. ‘ನಿಮ್ಮ ಮರ್ಯಾದೆ ಉಳಿಸಿಕೊಳ್ಳಿ, ನಿಮ್ಮ ಮಕ್ಕಳ ಉಪ್ಪಿಟ್ಟು ಹೋಗುತ್ತೆ’ ಎಂದು ಎದ್ದುಬಂದೆ.

ಚನ್ನಮಲ್ಲಯ್ಯನವರಿಗೆ ಹೇಳಲೇಬೇಕಾಯಿತು. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ‘ಅಂದರೆ ನನಗೆ ನೆಗಡಿ ಅಲ್ಲ!’ ಎಂದರು. ಆಮೇಲೆ ಗಂಭೀರವಾಗಿ, ‘ನನಗೆ ಕಂಡದ್ದನ್ನ ಮಾತ್ರ ನಾನು ಬರೆಯೋಕೆ ಸಾಧ್ಯ. ನಿಜವಾದ ಮಡಕೆ ತೋರಿಸಿದರೆ ಮೊದಲಿಂದ ತೂಗೋಣ. ತೋರಿಸದಿದ್ದರೆ ಈ ಹಟ್ಟಿ ಬಿಟ್ಟು ಮುಂದೆ ಹೋಗ್ತೀನಿ, ತೂಕಕ್ಕೆ ಸಿಗದ ಊರಿಗೆ ಉಪ್ಪಿಟ್ಟು ಉಳಿಸಿಕೊಡಿ ಅಂತ ಯಾರನ್ನ ಕೇಳಲಿ?’ ಎಂದರು.

ಮುದ್ದಪ್ಪನ ಹತ್ತಿರ ಹೋದೆ. ದೇವರ ಗುಡಿಯ ಮುಂದೆ ಕೂತು ಕಂಬಳಿಯ ಉಣ್ಣೆ ನೂಲುತ್ತಿದ್ದ. ಅಪ್ಪನ ಹಾಗೆಯೇ ಗಡ್ಡ, ಅಪ್ಪನ ಹಾಗೆಯೇ ಹಟ.

‘ನೋಡವ್ವ, ಹೊಂಗೆಹಟ್ಟಿಯೋರು ಉಪಾಸ ಅವ್ರೆ ಅಂತ ನೀವು ಬರ್ಕೊಂಡೋದ್ರೆ ನಾಳೀಕೆ ನಮ್ಮ ಹೆಣ್ಮಕ್ಳನ್ನ ಯಾರು ತಂದ್ಕಂತಾರೆ? ನಮ್ಗೆ ಹೆಣ್ಣು ಯಾರು ಕೊಡ್ತಾರೆ?’

‘ಬರೆದದ್ದು ಬೆಂಗಳೂರಿಗೆ ಹೋಗುತ್ತೆ ಮುದ್ದಪ್ಪಣ್ಣ. ಅಲ್ಲಿಂದ ನಿಮಗೆ ಯಾರು ಹೆಣ್ಣು ಕೊಡೋಕೆ ಬರ್ತಾರೆ?’

‘ಸುದ್ದಿಗೆ ಕಾಲೈತೆ ಕಣವ್ವ. ಪರಸ್ಥಳದೋರು ಮಡ್ಕೆ ಬಗ್ಗಿ ನೋಡಿದ ಮನೆ ಏಳ್ಗೆ ಆಗಾಕಿಲ್ಲ. ಇದು ನಮ್ಮ ಹಿರೇರ ಮಾತು.’

ನಾನೂ ಬಿಡಲಿಲ್ಲ. ಸರ್ಕಾರದ ಹೊಸ ತಳಿ ರಾಗಿ ಬಿತ್ತಿದ್ದೀರಿ, ತೆನೆ ಚೆನ್ನಾಗಿದೆ, ಅದು ಕೊಯ್ಲಿಗೆ ಬರುವವರೆಗೆ ಮಕ್ಕಳ ಹೊಟ್ಟೆಗೆ ಏನು ಎಂದೆ. ಹೊಸ ತಳಿಯಲ್ಲಿ ಹುಲ್ಲು ಕಮ್ಮಿ, ದನ ಏನು ತಿನ್ನಬೇಕು ಎಂದು ಅವನು ಮಾತನ್ನು ಬೇರೆ ಕಡೆ ಎಳೆದ. ಇಬ್ಬರ ದನಿಯೂ ಏರಿತು. ಹೆಂಗಸರು ಗುಡಿಯ ಕಡೆಗೆ ಬಂದು ನಿಂತರು. ಕ್ಯಾತಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ಅಷ್ಟು ಹೊತ್ತು ಕೇಳಿದಳು, ಆಮೇಲೆ ಬಾಯಿ ಹಾಕಿದಳು.

‘ಮಾವ, ಪರಸ್ಥಳದೋರು ತಾನೆ ಮಡ್ಕೆ ನೋಡಬಾರ್ದು? ಮನೆ ಮಗ್ಳು ನೋಡಬೋದಲ್ವಾ?’

‘ನೋಡ್ಲಿ, ಅದ್ಕೇನು? ಮಗ್ಳು ತವ್ರಿಗೆ ಬಂದ್ರೆ ಮೊದ್ಲು ಮಾಡಾದೇ ಅದ್ನ, ಮಡ್ಕೆ ಮುಚ್ಚಳ ತೆಗ್ಯಾದು.’

‘ಅಂಗಾರೆ ಇವ್ಳನ್ನ ಮಗ್ಳು ಮಾಡ್ಕಂಡ್ಬುಡಾನ. ನಮ್ಮೋರ ಹುಡ್ಗಿನೇ ಅಲ್ವಾ?’

ನೂಲುವ ಕದಿರು ಮುದ್ದಪ್ಪನ ಕೈಯಲ್ಲಿ ತಾನಾಗಿ ತಿರುಗಿ ತಿರುಗಿ ನಿಂತಿತು. ಆ ಮನುಷ್ಯನ ಮುಖದಲ್ಲಿ ಮೆಲ್ಲಗೆ ನಗು ಬಂತು. ‘ಲೇ ಕ್ಯಾತಿ, ನಿನ್ ಬಾಯ್ಗೆ ಬೀಗ ಹಾಕೋನು ಇನ್ನೂ ಹುಟ್ಟಿಲ್ಲ ಕಣೆ’ ಎಂದ. ಅಷ್ಟೇ, ಒಪ್ಪಿಗೆಯಾಯಿತು.

ಅಕ್ಕಾ, ಅವತ್ತು ಸಂಜೆಯೇ ಗುಡಿಯ ಮುಂದೆ ಕಂಬಳಿ ಹಾಸಿ ನನ್ನನ್ನು ಕೂರಿಸಿದರು. ಅರಿಶಿನ ಕುಂಕುಮ, ಬಳೆ, ಒಂದು ರವಿಕೆ ಬಟ್ಟೆ. ಮಡಿಲು ತುಂಬುವುದಕ್ಕೆ ಅಕ್ಕಿ ಬೇಕಲ್ಲ? ಬಂತು ನೋಡು, ಅದೇ ಅಕ್ಕಿ! ಹಟ್ಟಿಯನ್ನೆಲ್ಲ ಸುತ್ತಿ, ಒಂದು ಒಲೆಯನ್ನೂ ಕಾಣದೆ, ಕೊನೆಗೆ ನನ್ನ ಸೆರಗಿಗೆ ಬಿತ್ತು. ಮೆಣಸಿನ ಘಾಟಿಗೆ ಸೀನಿದೆ. ‘ಇನ್ನೊಂದು ಸೀನಮ್ಮ, ಒಂಟಿ ಸೀನು ಆಗ್ಬಾರ್ದು’ ಎಂದು ಹೆಂಗಸರು ನನ್ನ ಮುಖವನ್ನೇ ನೋಡುತ್ತ ಕಾದರು. ಎರಡನೆಯ ಸೀನು ಬಂದಾಗ ಹಟ್ಟಿಗೆ ಹಟ್ಟಿಯೇ ನಕ್ಕಿತು. ಬಾಣಂತನದ ಅಕ್ಕಿಯನ್ನು ನಾನು ಇಟ್ಟುಕೊಳ್ಳಲಿಲ್ಲ, ಒಂದು ಹಿಡಿ ಮಾತ್ರ ಉಳಿಸಿಕೊಂಡು ಮಿಕ್ಕದ್ದನ್ನು ಮುದ್ದಪ್ಪನ ಮಗಳಿಗೆ ತಲುಪಿಸಿದೆ. ತವರು ಎರಡಾಯಿತು ನನಗೆ. ನಿನಗೆ ಹೊಟ್ಟೆಕಿಚ್ಚು ಬೇಡ.

ನಿನ್ನ
ಭೀಮಿ


ಕೊಡಿಗೇನಹಳ್ಳಿ
೪ ನವೆಂಬರ್ ೧೯೮೨

ಪ್ರೀತಿಯ ಅಕ್ಕನಿಗೆ,

ಈ ಸಲ ತಡವಾದದ್ದಕ್ಕೆ ಕೆಲಸದ ನೆಪ ಹೇಳುವುದಿಲ್ಲ. ಬರೆಯಲು ಕೂತು ಎರಡು ಸಲ ಎದ್ದುಹೋದೆ. ಮೊದಲು ಒಳ್ಳೆಯ ಸುದ್ದಿ ಹೇಳಿಬಿಡುತ್ತೇನೆ.

ತೂಕ ಮುಗಿಯಿತು. ಹೊಂಗೆಹಟ್ಟಿಯಲ್ಲಿ ನಾನೀಗ ಮಗಳಾದ್ದರಿಂದ ನೇರ ಅಡುಗೆಮನೆಗೆ ಹೋಗಿ ಮುಚ್ಚಳ ತೆಗೆದೆ, ಯಾರೂ ತಡೆಯಲಿಲ್ಲ. ಚನ್ನಮಲ್ಲಯ್ಯನವರು ಹೊರಗೆ ಜಗಲಿಯ ಮೇಲೆ ತಕ್ಕಡಿ ಹಿಡಿದು ಕೂತರು. ಇದ್ದದ್ದು ಇದ್ದ ಹಾಗೆ ಹೊರಗೆ ಬಂತು: ಬೆಳಿಗ್ಗೆ ಅಂಬಲಿ, ಮಧ್ಯಾಹ್ನ ಮುದ್ದೆ, ಸೊಪ್ಪು, ಕೆಲವು ಮನೆಗಳಲ್ಲಿ ಸಂಜೆಗೂ ಅದೇ ಅಂಬಲಿಗೆ ಇನ್ನಷ್ಟು ನೀರು. ಹಾಲು ಕರೆಯುವ ಹಟ್ಟಿಯಲ್ಲಿ ಮಕ್ಕಳಿಗೆ ಹಾಲಿಲ್ಲ. ಒಬ್ಬ ಅಜ್ಜಿ ಮಾತ್ರ ತಕ್ಕಡಿಗೆ ಹಿಟ್ಟು ಸುರಿಯುವಾಗ ಕಣದಲ್ಲಿ ರಾಶಿ ಅಳೆಯುವ ಹಾಗೆ ‘ಲಾಭ’ ಎಂದು ಕೂಗಿ ಕೈಮುಗಿದಳು.

‘ಬೆಳೆ ಚೆನ್ನಾಗಿದೆ, ಹೊಸ ರಾಗಿ ಬಂದ ಮೇಲೆ ಈ ಮಡಕೆ ಬೇರೆ ಥರ ಇರುತ್ತೆ. ಆದರೆ ಈ ಎರಡು ತಿಂಗಳು ದಾಟಿಸಲು ಉಪ್ಪಿಟ್ಟು ಇರಲೇಬೇಕು’ ಎಂದು ಚನ್ನಮಲ್ಲಯ್ಯನವರು ಬರೆದುಕೊಟ್ಟರು. ಮೊನ್ನೆ ಮಧುಗಿರಿಯಿಂದ ಅಪ್ಪಣೆ ಬಂತು. ಬಾಲವಾಡಿ ಮುಂದುವರಿಯುತ್ತದೆ! ಹಾಲು ಕೊಡುವ ಮನೆಯವರೆಲ್ಲ ಹೋಟೆಲಿಗೆ ಹಾಕುವ ಮುಂಚೆ ಒಂದೊಂದು ಲೋಟ ಬಾಲವಾಡಿಗೆ ಹಾಕಬೇಕೆಂದು ಮುದ್ದಪ್ಪ ಗುಡಿಯ ಮುಂದೆ ಕೂತು ಕಟ್ಟು ಮಾಡಿದ್ದಾನೆ. ‘ಮಗ್ಳು ಕೇಳ್ದಾಗ ಇಲ್ಲ ಅನ್ನಾಕಾಯ್ತದಾ?’ ಎಂದ. ನಿಜ ಹೇಳಬೇಕೆಂದರೆ ನಾನು ಕೇಳಿಯೇ ಇರಲಿಲ್ಲ. ನನಗೆ ಎಷ್ಟು ಸಂತೋಷವಾಗಿದೆ ಎಂದರೆ ನಮ್ಮವರು ಟಿಕೆಟ್ಟಿನ ಚೀಲ ಬಿಚ್ಚುವ ಮುಂಚೆಯೇ ಅವರಿಗೆ ಎಲ್ಲವನ್ನೂ ಒದರಿದೆ. ಅವರು ಎಂದಿನಂತೆ ‘ಸರಿ, ಒಳಗೆ ಹೋಗು’ ಎಂದರು.

ಹೊಲಗಳಲ್ಲಿ ರಾಗಿ ತೆನೆ ಬಾಗಿದೆ. ನಿಮ್ಮ ಕಡಲೆಕಾಯಿ ಮನೆಗೆ ಬಂತೇ? ಎಲ್ಲವನ್ನೂ ಮಂಡಿಗೆ ಹಾಕಬೇಡಿ, ಮಕ್ಕಳಿಗೆ ಹುರಿದು ಕೊಡಲು ಒಂದು ಮೂಟೆ ಇರಲಿ ಎಂದು ಭಾವನಿಗೆ ಹೇಳು. ಹೇಳುವುದೇನು, ಅವರೇ ಈಗ ಓದುತ್ತಿದ್ದಾರೆ. ಭಾವ, ಕೇಳಿಸಿತಲ್ಲ?

ನಮ್ಮ ದೇವರು ನಿನ್ನ ಮಕ್ಕಳನ್ನು ಎತ್ತರವಾಗಿ, ಗಟ್ಟಿಯಾಗಿ ಬೆಳೆಸಲಿ. ಕುರಿ, ದನ, ಹೊಲ ಎಲ್ಲ ತಂಪಾಗಿರಲಿ. ನೀವಿಬ್ಬರೂ ನೂರು ಕಾಲ ಬಾಳಿ. ಭಾವ, ಕಾಗದ ಇಲ್ಲಿಗೆ ಮುಗಿಯಿತು. ಕೆಳಗೆ ಇರುವುದನ್ನು ಅಕ್ಕನೇ ಓದಲಿ, ಅವಳ ಕೈಗೆ ಕೊಟ್ಟುಬಿಡಿ.

ನಿನ್ನ ತಂಗಿ
ಭೀಮಕ್ಕ

ಮರೆತ ಮಾತು: ಅಕ್ಕಾ, ನಿನಗಾಗಿ ದಪ್ಪ ಅಕ್ಷರದಲ್ಲಿ ಬಿಡಿಸಿ ಬರೆದಿದ್ದೇನೆ. ನಿಧಾನವಾಗಿ ಕೂಡಿಸಿಕೊಂಡು ಓದು. ಆ ಬರದ ವರ್ಷ ಶಾಲೆ ಬಿಡುವ ಮುಂಚೆ ನೀನು ನನಗಿಂತ ಚೆನ್ನಾಗಿ ಓದುತ್ತಿದ್ದೆ.

ಈ ಸಲ ಒಂದೊಂದು ಮನೆಯಲ್ಲೂ ಊಟದ ಹೊತ್ತಿನವರೆಗೆ ಕೂತು ತಟ್ಟೆಗೆ ಬಡಿಸಿದ್ದನ್ನೂ ತೂಗಿದೆವು. ಕ್ಯಾತಮ್ಮನ ಮನೆಯಲ್ಲಿ ಎಲ್ಲರ ತಟ್ಟೆ ತೂಗಿದ ಮೇಲೆ, ನಿನ್ನದೆಲ್ಲಿ ಎಂದು ಕೇಳಿದೆ. ‘ನಾನು ಒಲೆ ಮುಂದೇನೇ ಉಂಡ್ಬುಟ್ಟೆ ಕಣಮ್ಮ’ ಎಂದಳು. ನಾನು ಬೆಳಗಿನಿಂದ ಅವಳ ಒಲೆಯ ಪಕ್ಕದಲ್ಲೇ ಕೂತಿದ್ದೆ. ಅವಳು ಏನೂ ಉಂಡಿರಲಿಲ್ಲ. ಮಡಕೆಯ ತಳ ಕೆರೆದು, ನೀರು ಹಾಕಿ ಕುಡಿದಳು, ಅಷ್ಟೇ. ನಾನು ನೋಡಿದ್ದು ಗೊತ್ತಾದಾಗ ನಕ್ಕಳು. ನೀನು ನಗುವ ಹಾಗೆಯೇ ನಕ್ಕಳು.

ಅದೇ ದಿನ ಎಲ್ಲರ ಎತ್ತರವನ್ನೂ ಅಳೆದೆವು. ಕ್ಯಾತಮ್ಮನ ಓರಗೆಯ ಹೆಂಗಸರೆಲ್ಲ ತಮ್ಮ ತಂಗಿಯರಿಗಿಂತ ಗಿಡ್ಡ. ನಾನು ನಿನ್ನ ನೆನೆಸಿಕೊಂಡು ನಗುತ್ತ, ‘ನಮ್ಮಕ್ಕನೂ ಹೀಗೇ ಸರ್’ ಎಂದೆ. ಚನ್ನಮಲ್ಲಯ್ಯನವರು ನಗಲಿಲ್ಲ. ‘ಆ ದೊಡ್ಡ ಬರ ಬಂದಾಗ ಇವರೆಲ್ಲ ಮೈ ಬೆಳೆಯುವ ವಯಸ್ಸಿನ ಹುಡುಗಿಯರು. ಮನೆಯಲ್ಲಿ ಬಡಿಸುವ ಕೆಲಸ ಇವರದೇ ಆಗಿತ್ತು ಅಂತ ಕಾಣುತ್ತೆ’ ಎಂದರು.

ಅಕ್ಕಾ, ಒಲೆ ಮುಂದೆ ನೀನು ನಿಜವಾಗಿಯೂ ಉಣ್ಣುತ್ತಿದ್ದೆಯಾ? ಅಜ್ಜಿಗೆ ಕಣ್ಣು ಕಾಣುತ್ತಿರಲಿಲ್ಲ. ನನಗೆ ಕಾಣುತ್ತಿತ್ತು, ನಾನು ನನ್ನ ಮುದ್ದೆಯನ್ನೇ ನೋಡುತ್ತಿದ್ದೆ. ಈಗ ನನ್ನ ಈ ಎತ್ತರದಲ್ಲಿ ನಿನ್ನದೆಷ್ಟು ಎಂದು ಯಾವ ತಕ್ಕಡಿಯಲ್ಲಿ ತೂಗಲಿ?

ಉತ್ತರ ಬರೆಸಬೇಡ. ನೀನು ‘ಉಂಡಿದ್ದೆ ಕಣೆ’ ಎಂದೇ ಬರೆಸುತ್ತೀಯ. ದೀಪಾವಳಿಗೆ ನಮ್ಮವರ ಬಸ್ಸಿನಲ್ಲೇ ಹಿಂದೂಪುರಕ್ಕೆ ಬಂದು, ಅಲ್ಲಿಂದ ಪಾವಗಡದ ಬಸ್ಸು ಹಿಡಿದು ವಳ್ಳೂರಿಗೆ ಬರುತ್ತೇನೆ. ಮಡಿಲಿನಲ್ಲಿ ಉಳಿಸಿಕೊಂಡ ಆ ಹಿಡಿ ಅಕ್ಕಿಯನ್ನು ತರುತ್ತೇನೆ, ಮೆಣಸಿನ ಘಾಟು ಇನ್ನೂ ಹೋಗಿಲ್ಲ. ಒಲೆ ಮುಂದೆ ನಾನು ಕೂರುತ್ತೇನೆ. ಮಕ್ಕಳಿಗೂ ಭಾವನಿಗೂ ಆಮೇಲೆ ಬಡಿಸಿದರಾಯಿತು. ಮೊದಲು ನೀನು ಉಣ್ಣಬೇಕು, ನಾನು ನೋಡುತ್ತಿರಬೇಕು.